ಉಜ್ಜಿದ ಮೇಲೂ ಉಳಿದದ್ದು: ಪಾಲಿಂಪ್ಸೆಸ್ಟ್, ಚಿತ್ರಕಲೆ ಮತ್ತು ಕ್ಯಾಮೆರಾ

ನಮ್ಮ ಬೀದಿಯ ಕೊನೆಯಲ್ಲಿ ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಚುನಾವಣೆ ಬಂದಾಗ ಅದರ ತುಂಬ ಹೆಸರು, ಚಿಹ್ನೆ ಬರೆಯುತ್ತಾರೆ. ಮುಗಿದ ಮೇಲೆ ಯಾರೋ ಬಂದು ಸುಣ್ಣ ಬಳಿದು ಹೋಗುತ್ತಾರೆ. ಸುಣ್ಣ ಒಣಗಿತು ಅಂದರೆ ಗೋಡೆ ಬೆಳ್ಳಗೆ, ಏನೂ ಬರೆದೇ ಇರಲಿಲ್ಲ ಅನ್ನುವ ಹಾಗೆ. ಆದರೆ ಜೋರು ಮಳೆ ಬಂದು ನಿಂತ ಮೇಲೆ ಹೋಗಿ ನೋಡಬೇಕು. ನೆಂದ ಸುಣ್ಣದ ಹಿಂದಿನಿಂದ ಅಕ್ಷರಗಳು ನಿಧಾನಕ್ಕೆ ಮೇಲೆ ಬರುತ್ತವೆ. ಹೋದ ಮಳೆಗಾಲದಲ್ಲಿ ನಾನು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಮೇಲೆ ಯಾವುದೋ ಚುನಾವಣೆಯ ನೀಲಿ ಅಕ್ಷರ. ಅದರ ಕೆಳಗೆ, ಇನ್ನೂ ಮಸುಕಾಗಿ, ಹಳೆಯ ಬೀಡಿ ಜಾಹೀರಾತು. ಅದರಲ್ಲಿ 'ದಿರಿ' ಅನ್ನುವ ಎರಡು ಅಕ್ಷರ ಮಾತ್ರ ಓದಲು ಸಿಕ್ಕಿತು. 'ಸೇದಿರಿ' ಅಂತ ಇದ್ದಿರಬೇಕು. ಬಿಸಿಲು ಬಂತು. ಅರ್ಧ ಗಂಟೆಯಲ್ಲಿ ಎರಡೂ ಮಾಯ.

ಕಲೆಯ ಬಗ್ಗೆ ಬರೆಯುವವರು ಇಂಥ ಗೋಡೆಯನ್ನು ಪಾಲಿಂಪ್ಸೆಸ್ಟ್ ಅನ್ನುತ್ತಾರೆ. ಚಿತ್ರಪ್ರದರ್ಶನದ ಟಿಪ್ಪಣಿಗಳಲ್ಲಿ, ಫೋಟೊ ಪುಸ್ತಕಗಳ ಮುನ್ನುಡಿಯಲ್ಲಿ ಈ ಪದ ಮತ್ತೆ ಮತ್ತೆ ಸಿಗುತ್ತದೆ. ಈ ನಗರ ಒಂದು ಪಾಲಿಂಪ್ಸೆಸ್ಟ್, ಈ ಕ್ಯಾನ್ವಾಸ್ ಒಂದು ಪಾಲಿಂಪ್ಸೆಸ್ಟ್ ಅಂತ. ಬಹಳ ಸಲ ಅದರ ಅರ್ಥ ಪದರ ಪದರವಾಗಿದೆ ಅಂತಷ್ಟೇ. ನನಗೆ ಇದು ಬೇಜಾರು. ಯಾಕೆಂದರೆ ಪದದ ಒಳಗಿರುವ ಕಥೆ ಇದಕ್ಕಿಂತ ಜಾಸ್ತಿ ತೂಕದ್ದು. ಒಬ್ಬರು ಬರೆದರು. ಇನ್ನೊಬ್ಬರು ಅದನ್ನು ಬೇಕೆಂದೇ ಅಳಿಸಿದರು. ಅದೇ ಜಾಗದಲ್ಲಿ ತಮ್ಮದನ್ನು ಬರೆದರು. ಅಷ್ಟಾದರೂ ಮೊದಲಿನದು ಪೂರ್ತಿ ಹೋಗಲಿಲ್ಲ. ಈ ನಾಲ್ಕೂ ಸೇರಿದಾಗಲೇ ಅದು ಪಾಲಿಂಪ್ಸೆಸ್ಟ್. ಈ ಪದದ ಜೀವ ಇರುವುದು ಅಳಿಸುವ ಕೈಯಲ್ಲಿ. ಆ ಕೈ ಕಾಣದಿದ್ದರೆ ಪದವನ್ನು ಸುಮ್ನೆ ಅಲಂಕಾರಕ್ಕೆ ಬಳಸಿದ ಹಾಗೆ.

ಮೊದಲು ಪದದ ಹುಟ್ಟು ನೋಡೋಣ. ಗ್ರೀಕ್ ಭಾಷೆಯಲ್ಲಿ 'ಪಾಲಿನ್' ಅಂದರೆ ಮತ್ತೆ. ಅದರ ಜೊತೆ ಸೇರಿರುವ ಕ್ರಿಯಾಪದಕ್ಕೆ ಉಜ್ಜು, ಕೆರೆ ಅನ್ನುವ ಅರ್ಥ. ಮತ್ತೆ ಕೆರೆದದ್ದು ಅಂತ ಒಟ್ಟು ಅರ್ಥ. ಕೆರೆಯುತ್ತಿದ್ದುದು ಚರ್ಮದ ಹಾಳೆಯನ್ನು. ಕಾಗದ ಬರುವ ಮೊದಲು ಯುರೋಪಿನಲ್ಲಿ ಪುಸ್ತಕಕ್ಕೆ ಕುರಿ, ಮೇಕೆ, ಕರುವಿನ ಚರ್ಮ ಬೇಕಿತ್ತು. ಅದನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಒಣಗಿಸಿ, ನಯ ಮಾಡಬೇಕು. ಒಂದು ದಪ್ಪ ಪುಸ್ತಕಕ್ಕೆ ಒಂದು ಮಂದೆಯೇ ಬೇಕಾಗುತ್ತಿತ್ತು. ಹೊಸ ಚರ್ಮಕ್ಕೆ ದುಡ್ಡಿಲ್ಲದಿದ್ದರೆ? ಯಾರೂ ಓದದ ಹಳೆಯ ಪುಸ್ತಕ ಬಿಚ್ಚಿ, ಮಸಿಯನ್ನು ತೊಳೆದು ಕೆರೆದು, ಅದರ ಮೇಲೇ ಬರೆಯುವುದು.

ಅಳಿಸಿ ಬರೆಯುವುದು ನಮಗೆ ಹೊಸದಲ್ಲ. ಓಲೆಗರಿಯಲ್ಲಿ ಅದು ಆಗುತ್ತಿರಲಿಲ್ಲ. ಅಲ್ಲಿ ಅಕ್ಷರವನ್ನು ಕಂಟದಿಂದ ಕೊರೆಯುತ್ತಿದ್ದರು, ಕೊರೆದದ್ದನ್ನು ಉಜ್ಜಿ ತೆಗೆಯುವುದು ಹೇಗೆ? ಆದರೆ ಕನ್ನಡ ನಾಡಿನಲ್ಲಿ ಇನ್ನೊಂದು ವಸ್ತು ಇತ್ತು: ಕಡತ. ಈಗ ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಮೊದಲು ಅದು ಹತ್ತಿಯ ಬಟ್ಟೆ. ಹುಣಸೆಬೀಜದ ಸರಿ ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಬಿಳಿ ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ವ್ಯಾಪಾರಿಗಳು ಲೆಕ್ಕ ಇಟ್ಟದ್ದು ಇದರಲ್ಲೇ. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಇಂಥ ನೂರಾರು ಕಡತಗಳಲ್ಲಿವೆ. ಶಾಲೆಯಲ್ಲಿ ಸ್ಲೇಟು ಹಿಡಿದವರಿಗೂ ಈ ಅನುಭವ ಇದ್ದೇ ಇರುತ್ತದೆ. ತೊಂಡೆಸೊಪ್ಪು, ಇದ್ದಿಲು ಹಾಕಿ ತಿಕ್ಕಿದರೂ ಒತ್ತಿ ಬರೆದ 'ಅ' ಅಲ್ಲೇ ಇಣುಕುತ್ತಿತ್ತು, ಅಲ್ವಾ?

ಇನ್ನು ಪ್ರಪಂಚದ ಅತ್ಯಂತ ಪ್ರಸಿದ್ಧ ಪಾಲಿಂಪ್ಸೆಸ್ಟಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಲೆಯಲ್ಲಿ ಈ ರೂಪಕ ಮಾಡುವ ಕೆಲಸವೆಲ್ಲ ಈ ಒಂದು ಪುಸ್ತಕದಲ್ಲಿ ನಿಜವಾಗಿಯೇ ನಡೆದಿದೆ.

ಹತ್ತನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ನಗರದಲ್ಲಿ ಒಬ್ಬ ಲಿಪಿಕಾರ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಬರಹಗಳನ್ನು ಚರ್ಮದ ಹಾಳೆಗಳ ಮೇಲೆ ಪ್ರತಿ ಮಾಡಿದ. ಸುಮಾರು 250 ವರ್ಷ ಕಳೆಯಿತು. 1229ರಲ್ಲಿ ಇನ್ನೊಬ್ಬ ಲಿಪಿಕಾರನಿಗೆ ಪ್ರಾರ್ಥನೆ ಪುಸ್ತಕಕ್ಕೆ ಹಾಳೆ ಬೇಕಾಯಿತು. ಆತ ಆರ್ಕಿಮಿಡೀಸನ ಪುಸ್ತಕ ಬಿಚ್ಚಿದ. ಮಸಿ ತೊಳೆದು ಕೆರೆದ. ಪ್ರತಿ ಹಾಳೆಯನ್ನೂ ನಡುವೆ ಕತ್ತರಿಸಿ, ಅಡ್ಡಕ್ಕೆ ತಿರುಗಿಸಿ, ಮತ್ತೆ ಮಡಚಿ ಹೊಸ ಪುಸ್ತಕ ಮಾಡಿದ. ಹಾಗಾಗಿ ಪ್ರಾರ್ಥನೆಯ ಸಾಲುಗಳು ಎಡದಿಂದ ಬಲಕ್ಕೆ ಹೋದರೆ, ಗಣಿತದ ಸಾಲುಗಳು ಅವುಗಳ ಕೆಳಗೆ ಮೇಲಿನಿಂದ ಕೆಳಕ್ಕೆ ಓಡುತ್ತವೆ. ಕೆಲವು ಸಾಲುಗಳು ಪುಸ್ತಕದ ಹೊಲಿಗೆಯೊಳಗೆ ಹೋಗಿ ಸೇರಿಕೊಂಡವು. ಇದೇ ಒಂದು ಪುಸ್ತಕಕ್ಕೆ ಆತ ಬೇರೆ ಹಳೆಯ ಪುಸ್ತಕಗಳನ್ನೂ ಕೆರೆದಿದ್ದ. ಅವುಗಳಲ್ಲಿ ಒಂದು, ಅಥೆನ್ಸಿನ ವಾಗ್ಮಿ ಹೈಪರೈಡೀಸನ ಭಾಷಣಗಳು.

ಪ್ರಾರ್ಥನೆ ಪುಸ್ತಕ ಶತಮಾನಗಟ್ಟಲೆ ಮಠದಲ್ಲಿ ಬಳಕೆಯಲ್ಲಿತ್ತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಯೋಹಾನ್ ಲುಡ್ವಿಗ್ ಹೈಬೆರ್ಗ್ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ನೋಡಿದ. ಕೆಳಗಿರುವುದು ಆರ್ಕಿಮಿಡೀಸ್ ಅಂತ ಗುರುತು ಹಿಡಿದ. ಭೂತಗನ್ನಡಿ ಹಿಡಿದು ಓದಿದಷ್ಟು ಓದಿ, ಹಾಳೆಗಳ ಫೋಟೊ ತೆಗೆಸಿಕೊಂಡ. ಅದರಲ್ಲಿ 'ವಿಧಾನ' ಎಂಬ ಬರಹ ಇತ್ತು. ಆರ್ಕಿಮಿಡೀಸ್ ತನ್ನ ಗಣಿತದ ಸತ್ಯಗಳನ್ನು ಮೊದಲು ಹೇಗೆ ಕಂಡುಕೊಂಡ ಅಂತ ಸ್ನೇಹಿತನಿಗೆ ವಿವರಿಸಿದ ಬರಹ. ಅದರ ಬೇರೆ ಪ್ರತಿ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ಆಮೇಲೆ ಪುಸ್ತಕ ಕಣ್ಮರೆಯಾಯಿತು. ಮತ್ತೆ ಹೊರಬಂದದ್ದು 1998ರಲ್ಲಿ, ನ್ಯೂಯಾರ್ಕಿನ ಹರಾಜಿನಲ್ಲಿ. 20 ಲಕ್ಷ ಡಾಲರಿಗೆ ಹೆಸರು ಹೇಳದ ಒಬ್ಬರು ಕೊಂಡು, ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯಕ್ಕೆ ಅಧ್ಯಯನಕ್ಕಾಗಿ ಕೊಟ್ಟರು. ಅಷ್ಟರಲ್ಲಿ ಹಾಳೆಗಳಿಗೆ ಬೂಷ್ಟು ಹಿಡಿದಿತ್ತು. ಹೈಬೆರ್ಗ್ ನೋಡಿದ ನಂತರ ಯಾರೋ ನಾಲ್ಕು ಹಾಳೆಗಳ ಮೇಲೆ ಚಿನ್ನದ ರೇಕು ಹಾಕಿ ಸಂತರ ಚಿತ್ರ ಬರೆದಿದ್ದರು. ಹಳೆಯದು ಅನ್ನಿಸುವ ಹಾಗೆ ಮಾಡಿದ ಖೋಟಾ ಚಿತ್ರಗಳು. ಅಂದರೆ ಆ ಹಾಳೆಗಳಲ್ಲಿ ಗಣಿತದ ಮೇಲೆ ಪ್ರಾರ್ಥನೆ, ಪ್ರಾರ್ಥನೆಯ ಮೇಲೆ ಮೋಸ. ಪುಸ್ತಕದ ಬೆನ್ನಿಗೆ ಆಧುನಿಕ ಅಂಟು ಬೇರೆ ಬಳಿದಿದ್ದರು. ಪುಸ್ತಕವನ್ನು ಹರಿಯದೆ ಬಿಚ್ಚಲಿಕ್ಕೇ ನಾಲ್ಕು ವರ್ಷ ಹಿಡಿಯಿತು. ನಾಲ್ಕು ವರ್ಷ ಒಂದೊಂದೇ ಹಾಳೆ ಬಿಡಿಸುತ್ತಾ ಕೂತವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಇಲ್ಲಿ ಬಂತು ಕ್ಯಾಮೆರಾ. ಮೊದಲು ಪಾಲಿಂಪ್ಸೆಸ್ಟ್ ಓದಬೇಕಾದರೆ ವಿದ್ವಾಂಸರು ಹಾಳೆಗೆ ರಾಸಾಯನಿಕ ಬಳಿಯುತ್ತಿದ್ದರು. 1819ರಲ್ಲಿ ಇಟಲಿಯ ಆಂಜೆಲೊ ಮಾಯಿ ಒಂದು ಧಾರ್ಮಿಕ ಗ್ರಂಥದ ಕೆಳಗೆ ಪ್ರಾಚೀನ ರೋಮಿನ ಸಿಸೆರೊ ಬರೆದ ರಾಜ್ಯಶಾಸ್ತ್ರದ ಗ್ರಂಥ ಕಂಡುಹಿಡಿದ. ದೊಡ್ಡ ಸಂಗತಿಯೇ. ಆದರೆ ಆ ಕಾಲದವರು ಬಳಿಯುತ್ತಿದ್ದ ಮಾಚಿಕಾಯಿಯ ಕಷಾಯದಂಥ ದ್ರವದಿಂದ ಅಕ್ಷರ ಸ್ವಲ್ಪ ಹೊತ್ತು ಎದ್ದು ಕಾಣುತ್ತಿತ್ತು, ಆಮೇಲೆ ಹಾಳೆಯೇ ಕಂದಾಗಿ ಹಾಳಾಗುತ್ತಿತ್ತು. ಓದಿದವರೇ ಕೊನೆಯ ಓದುಗರು. ಬೆಳಕಿನಿಂದ ಹೀಗೆ ಗಾಯ ಆಗುವುದಿಲ್ಲ. ಬಾಲ್ಟಿಮೋರಿನಲ್ಲಿ ಮಾಡಿದ್ದು ಇದು: ಒಂದೇ ಹಾಳೆಯನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೊ ತೆಗೆಯುವುದು. ಕೆಂಪು ಬೆಳಕಿನ ಚಿತ್ರದಲ್ಲಿ ಕೆಳಗಿನ ಕಂದು ಮಸಿ ಹೆಚ್ಚುಕಡಿಮೆ ಮಾಯವಾಗುತ್ತದೆ, ಪ್ರಾರ್ಥನೆ ಮಾತ್ರ ಕಪ್ಪಗೆ ನಿಲ್ಲುತ್ತದೆ. ನೇರಳಾತೀತ ಬೆಳಕಿನಲ್ಲಿ ಚರ್ಮ ತಾನೇ ಹೊಳೆಯುತ್ತದೆ, ಎರಡೂ ಮಸಿ ಕಪ್ಪಾಗಿ ಕಾಣುತ್ತವೆ. ಈ ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೇರೆ ಬೇರೆ ಬಣ್ಣ ಕೊಟ್ಟು ಒಂದರ ಮೇಲೊಂದು ಇಟ್ಟರು. ಪ್ರಾರ್ಥನೆ ಕಪ್ಪಾಗಿಯೇ ಉಳಿಯಿತು. ಆರ್ಕಿಮಿಡೀಸ್ ಕೆಂಪಗೆ ಎದ್ದು ಬಂದ.

ಚಿನ್ನದ ರೇಕಿನ ಕೆಳಗಿನ ಹಾಳೆಗಳಿಗೆ ಇದೂ ಸಾಲಲಿಲ್ಲ. ಅವನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನ ಕಣ ವೇಗವರ್ಧಕ ಕೇಂದ್ರಕ್ಕೆ ಒಯ್ದರು. ಹಳೆಯ ಮಸಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಲವಾದ ಎಕ್ಸ್‌ರೇ ಬಿಟ್ಟರೆ ಆ ಕಬ್ಬಿಣ ತನ್ನದೇ ರೀತಿಯಲ್ಲಿ ಮಿನುಗುತ್ತದೆ. ಆ ಮಿನುಗು ಎಲ್ಲೆಲ್ಲಿದೆ ಅಂತ ಚುಕ್ಕಿ ಚುಕ್ಕಿಯಾಗಿ ಗುರುತಿಸಿದರೆ ಅಕ್ಷರ. 2008ರಲ್ಲಿ ಎಲ್ಲ ಚಿತ್ರಗಳನ್ನೂ ಯಾರು ಬೇಕಾದರೂ ನೋಡಲು ಬಿಟ್ಟರು.

ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. 1229ರ ಆ ಲಿಪಿಕಾರ ಆರ್ಕಿಮಿಡೀಸನನ್ನು ಅಳಿಸಿದ, ನಿಜ. ಆದರೆ ಪ್ರಾರ್ಥನೆ ಪುಸ್ತಕ ಅಂತ ಭಕ್ತಿಯಿಂದ ಕಾಪಾಡಿದ್ದರಿಂದಲೇ ಕೆಳಗಿನ ಗಣಿತ ಇಷ್ಟು ವರ್ಷ ಉಳಿಯಿತು. ಅಳಿಸಿದ ಕೈಯೇ ಉಳಿಸಿತು.

ಈ ಗುಣ ಕಂಡೇ ಬರಹಗಾರರು ಪದವನ್ನು ಚರ್ಮದ ಹಾಳೆಯಿಂದ ಬಿಡಿಸಿ ಬೇರೆ ಕಡೆ ಒಯ್ದರು. 1845ರಲ್ಲಿ ಇಂಗ್ಲೆಂಡಿನ ಥಾಮಸ್ ಡಿ ಕ್ವಿನ್ಸಿ ಮನುಷ್ಯನ ಮೆದುಳೇ ಒಂದು ಪಾಲಿಂಪ್ಸೆಸ್ಟ್ ಎಂದು ಬರೆದ. ಒಂದರ ಮೇಲೊಂದು ನೆನಪು ಬೀಳುತ್ತದೆ, ಯಾವುದೂ ನಿಜವಾಗಿ ಅಳಿಯುವುದಿಲ್ಲ ಅಂತ. 1925ರಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ ಇದೇ ವಿಚಾರಕ್ಕೆ ಮಕ್ಕಳ ಆಟಿಕೆಯೊಂದನ್ನು ಉದಾಹರಣೆ ಕೊಟ್ಟ. ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ ಮ್ಯಾಜಿಕ್ ಸ್ಲೇಟು ಅದು. ಮೇಣದ ಹಲಗೆ, ಅದರ ಮೇಲೆ ತೆಳು ಹಾಳೆ. ಕಡ್ಡಿಯಲ್ಲಿ ಬರೆದು ಹಾಳೆ ಎತ್ತಿದರೆ ಬರೆದದ್ದು ಮಾಯ. ಆದರೆ ಕೆಳಗಿನ ಮೇಣವನ್ನು ಓರೆ ಬೆಳಕಿಗೆ ಹಿಡಿದು ನೋಡಿ, ಗೀರುಗಳೆಲ್ಲ ಅಲ್ಲೇ ಇರುತ್ತವೆ. ನಮ್ಮ ದೇಶದಲ್ಲಿ ಈ ರೂಪಕ ಬಹಳ ಜನರಿಗೆ ತಲುಪಿದ್ದು ನೆಹರೂ ಅವರಿಂದ. 1944ರಲ್ಲಿ ಅಹಮದ್‌ನಗರ ಕೋಟೆಯ ಸೆರೆಮನೆಯಲ್ಲಿ ಕೂತು ಬರೆದ ಪುಸ್ತಕದಲ್ಲಿ ಅವರು ಭಾರತವನ್ನೇ ಪಾಲಿಂಪ್ಸೆಸ್ಟಿಗೆ ಹೋಲಿಸಿದರು. ಯಾವ ಹೊಸ ಪದರವೂ ಹಿಂದಿನದನ್ನು ಪೂರ್ತಿ ಮುಚ್ಚಲಿಲ್ಲ ಎಂಬುದು ಅವರ ಮಾತಿನ ಸಾರ. ಸುಂದರ ಮಾತು. ಆದರೆ ಕೆರೆದವರು ಯಾರು, ಯಾಕೆ ಕೆರೆದರು ಅನ್ನುವ ಪ್ರಶ್ನೆ ಅದರಲ್ಲಿ ಮೆತ್ತಗಾಗಿಬಿಡುತ್ತದೆ. ಕಲಾವಿದರು ಆ ಪ್ರಶ್ನೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಚಿತ್ರಕಾರರಲ್ಲಿ ಹಳೆಯ ಕ್ಯಾನ್ವಾಸಿನ ಮೇಲೆ ಬರೆಯುವುದು ಮಾಮೂಲು. ಕಾರಣ ಹೆಚ್ಚಾಗಿ ಬಡತನ, ಚರ್ಮದ ಹಾಳೆಯ ಕಾಲದ ಹಾಗೇ. ಪಿಕಾಸೊ 1903ರಿಂದ 1904ರ ಹೊತ್ತಿಗೆ ಬರೆದ ಗಿಟಾರ್ ಹಿಡಿದ ಮುದುಕನ ಚಿತ್ರ ಚಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಮುದುಕನ ಬಾಗಿದ ಕತ್ತಿನ ಹಿಂದೆ ಒಬ್ಬ ಹೆಂಗಸಿನ ಮುಖ ಮಂಜಿನ ಹಾಗೆ ಕಾಣುತ್ತದೆ, ಅದಕ್ಕೆ ಯಂತ್ರ ಬೇಕಿಲ್ಲ. ಎಕ್ಸ್‌ರೇ ತೆಗೆದಾಗ ಅವಳು ಇನ್ನೂ ಸ್ಪಷ್ಟವಾಗಿ ಕಂಡಳು. ಇಲ್ಲಿ ಅಳಿಸಿದವನೂ ಬರೆದವನೂ ಒಬ್ಬನೇ. ಅವಳು ಕಾಣಬೇಕೆಂದು ಪಿಕಾಸೊಗೆ ಇರಲಿಲ್ಲ.

ಆದರೆ 1953ರಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು ಬೇರೆ. ರಾಬರ್ಟ್ ರೌಶೆನ್‌ಬರ್ಗ್ ಆಗ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ಬರೀ ಅಳಿಸುವುದರಿಂದ ಒಂದು ಚಿತ್ರ ಆಗುತ್ತದೆಯೇ ಅನ್ನುವ ಹುಚ್ಚು ಅವನಿಗೆ ಹಿಡಿದಿತ್ತು. ತನ್ನ ಚಿತ್ರಗಳನ್ನೇ ಅಳಿಸಿ ನೋಡಿದ. ಸಮಾಧಾನ ಆಗಲಿಲ್ಲ. ತನ್ನದನ್ನು ತಾನು ಅಳಿಸಿದರೆ ಯಾರಿಗೆ ಏನು ನಷ್ಟ? ಹಾಗಾಗಿ ಆ ಕಾಲದ ದೊಡ್ಡ ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್ ಮನೆಗೆ ಹೋಗಿ, ಅಳಿಸಲಿಕ್ಕೆ ಒಂದು ಚಿತ್ರ ಕೊಡಿ ಅಂತ ಕೇಳಿದ. ಡಿ ಕೂನಿಂಗ್‌ಗೆ ಈ ವಿಚಾರ ಇಷ್ಟ ಆಗಲಿಲ್ಲ. ಆದರೆ ಹುಡುಗ ಯಾಕೆ ಕೇಳುತ್ತಿದ್ದಾನೆ ಅನ್ನುವುದು ಅರ್ಥವಾಯಿತು. ಕೊಡುವುದಾದರೆ ಕಳೆದುಕೊಂಡರೆ ನೋವಾಗುವಂಥದ್ದನ್ನೇ ಕೊಡುತ್ತೇನೆ, ಸುಲಭಕ್ಕೆ ಅಳಿಸಲಾಗದ್ದನ್ನೇ ಕೊಡುತ್ತೇನೆ ಅಂದು, ಇದ್ದಿಲು, ಪೆನ್ಸಿಲು, ಕ್ರೇಯಾನು ಎಲ್ಲ ಬಳಸಿದ್ದ ಒಂದು ಚಿತ್ರ ಆರಿಸಿ ಕೊಟ್ಟ. ರೌಶೆನ್‌ಬರ್ಗ್ ವಾರಗಟ್ಟಲೆ ಉಜ್ಜಿದ. ಎಷ್ಟೋ ರಬ್ಬರು ಸವೆದವು. ಕೊನೆಗೆ ಉಳಿದದ್ದು ಸವೆದ ಕಾಗದ, ಅಲ್ಲಲ್ಲಿ ಮಸುಕು ಗೆರೆ, ಒಂದು ಬಂಗಾರದ ಬಣ್ಣದ ಚೌಕಟ್ಟು. ಗೆಳೆಯ ಜಾಸ್ಪರ್ ಜಾನ್ಸ್ ಕೆಳಗೊಂದು ಹೆಸರಿನ ಪಟ್ಟಿ ಬರೆದುಕೊಟ್ಟ: 'ಅಳಿಸಿದ ಡಿ ಕೂನಿಂಗ್ ಚಿತ್ರ'.

ಈಗ ಅದು ಸ್ಯಾನ್‌ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. 2010ರಲ್ಲಿ ಅಲ್ಲಿಯವರು ಅವಕೆಂಪು ಬೆಳಕಿನ ಸಹಾಯದಿಂದ ಅದರ ಚಿತ್ರ ತೆಗೆದು, ಉಜ್ಜಿಹೋದ ಗೆರೆಗಳನ್ನು ಕಂಪ್ಯೂಟರಿನಲ್ಲಿ ಎತ್ತಿ ತೋರಿಸಿದರು. ಮನುಷ್ಯರ ಆಕೃತಿಗಳು ಅರೆಬರೆಯಾಗಿ ಕಂಡವು. ಹಾಗೆ ತೋರಿಸಿದ್ದು ಸರಿಯೋ ತಪ್ಪೋ ಅಂತ ನಾನು ಬಹಳ ಯೋಚಿಸಿದ್ದೇನೆ. ನನ್ನ ಮಟ್ಟಿಗೆ ಸರಿ. ವಾರಗಟ್ಟಲೆ ಉಜ್ಜಿದರೂ ಎಷ್ಟು ಉಳಿದಿತ್ತು ಅಂತ ಗೊತ್ತಾದ ಮೇಲೆಯೇ ಆ ಕೆಲಸದ ಬೆವರು ನನಗೆ ಅರ್ಥವಾದದ್ದು.

ಅಳಿಸುವ ಕೈಯನ್ನೇ ಸಿನಿಮಾ ಮಾಡಿದವನು ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್. ಸಾಮಾನ್ಯ ಅನಿಮೇಶನ್‌ನಲ್ಲಿ ಒಂದೊಂದು ಚಲನೆಗೂ ಹೊಸ ಹಾಳೆ. ಕೆಂಟ್ರಿಜ್ ಹಾಗೆ ಮಾಡುವುದಿಲ್ಲ. ಗೋಡೆಗೆ ಒಂದು ದೊಡ್ಡ ಕಾಗದ ಹಾಕುತ್ತಾನೆ. ಇದ್ದಿಲಿನಲ್ಲಿ ಚಿತ್ರ ಬರೆಯುತ್ತಾನೆ. ಕೋಣೆಯ ಆ ಕಡೆ ಇರುವ ಕ್ಯಾಮೆರಾವರೆಗೆ ನಡೆದು ಹೋಗಿ ಒಂದೆರಡು ಫ್ರೇಮು ತೆಗೆಯುತ್ತಾನೆ. ವಾಪಸ್ಸು ಬಂದು ಸ್ವಲ್ಪ ಅಳಿಸಿ, ಸ್ವಲ್ಪ ಬದಲಿಸುತ್ತಾನೆ. ಮತ್ತೆ ಕ್ಯಾಮೆರಾ ಕಡೆಗೆ ನಡಿಗೆ. ಇದ್ದಿಲು ಪೂರ್ತಿ ಹೋಗುವುದಿಲ್ಲ, ಬೂದಿ ಬಣ್ಣದ ನೆರಳು ಉಳಿಯುತ್ತದೆ. ಪರದೆಯ ಮೇಲೆ ಒಬ್ಬ ಮನುಷ್ಯ ನಡೆದರೆ ಅವನ ಹಿಂದೆ ಅವನು ಈಗಷ್ಟೇ ಇದ್ದ ಜಾಗಗಳ ಕಲೆ ಬಾಲದ ಹಾಗೆ ಬರುತ್ತದೆ. 1994ರಲ್ಲಿ, ಆ ದೇಶದ ಎಲ್ಲ ಜನರೂ ಮೊದಲ ಸಲ ಮತ ಹಾಕಿದ ವರ್ಷ, ಬಂದ ಅವನ ಒಂದು ಚಿತ್ರದಲ್ಲಿ ಹಿಂಸೆಗೆ ಸಿಕ್ಕಿ ಸತ್ತವರ ದೇಹಗಳು ಬಯಲಿನಲ್ಲಿ ಬಿದ್ದಿವೆ. ಹಾರಿ ಬಂದ ಪತ್ರಿಕೆ ಹಾಳೆಗಳು ಅವನ್ನು ಮುಚ್ಚುತ್ತವೆ. ನೋಡುತ್ತಾ ಇದ್ದ ಹಾಗೆ ದೇಹ ನೆಲದಲ್ಲಿ ಕರಗುತ್ತದೆ, ಬರೀ ಬಯಲು ಉಳಿಯುತ್ತದೆ. ಆದರೆ ಕಾಗದದ ಮೇಲೆ ಮಸಿಕಲೆ ಇದೆ. ವರ್ಣಭೇದದ ವರ್ಷಗಳನ್ನು ಒಂದು ದೇಶ ಹೇಗೆ ಮರೆಯಲು ನೋಡುತ್ತದೆ, ಹೇಗೆ ಮರೆಯಲಾಗುವುದಿಲ್ಲ ಅನ್ನುವುದನ್ನು ಆ ಮಸಿಕಲೆ ಹೇಳುತ್ತದೆ.

ಬೀದಿಯ ಗೋಡೆಗೆ ವಾಪಸ್ಸು ಬರುತ್ತೇನೆ. ಪ್ಯಾರಿಸಿನಲ್ಲಿ 1930ರ ದಶಕದಿಂದ ಬ್ರಾಸಾಯ್ ಎಂಬ ಫೋಟೊಗ್ರಾಫರ್ ಗೋಡೆಗಳ ಮೇಲಿನ ಗೀಚುಗಳನ್ನು ಫೋಟೊ ತೆಗೆಯುತ್ತಿದ್ದ. ಯಾವ ಬೀದಿ, ಯಾವ ಗೋಡೆ ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ವರ್ಷಗಳ ನಂತರ ಅದೇ ಗೋಡೆಗೆ ಹೋಗಿ, ಆ ಗೀಚಿಗೆ ಏನಾಗಿದೆ ನೋಡಿ ಮತ್ತೆ ಫೋಟೊ ತೆಗೆಯುತ್ತಿದ್ದ. ಅದೇ ಊರಿನಲ್ಲಿ 1949ರಲ್ಲಿ ಜಾಕ್ ವಿಯೆಗ್ಲೆ ಮತ್ತು ರೇಮೊಂ ಹೇನ್ಸ್ ಎಂಬ ಇಬ್ಬರು ಗೆಳೆಯರು ಬೀದಿಗೋಡೆಯ ಹರಿದ ಪೋಸ್ಟರುಗಳನ್ನು ಪದರದ ಸಮೇತ ಕಿತ್ತು ತಂದು ಕ್ಯಾನ್ವಾಸಿಗೆ ಅಂಟಿಸಿದರು. ಹರಿದವರು ದಾರಿಹೋಕರು. ಹಾಗಾಗಿ ವಿಯೆಗ್ಲೆ ತನ್ನ ಕೃತಿಗಳ ನಿಜವಾದ ಕರ್ತೃ ಅನಾಮಿಕನಾದ ಹರಿಯುವವನು ಅನ್ನುತ್ತಿದ್ದ. ಈ ಮಾತು ನನಗೆ ತುಂಬ ಇಷ್ಟ.

ಫೋಟೊದ ವಿಷಯಕ್ಕೆ ಬಂದರೆ ಕ್ಯಾಮೆರಾಗೆ ಎರಡು ಮುಖ. ಅದು ಅಳಿಸಲೂ ಬಲ್ಲದು. 1838ರಲ್ಲಿ, ಫೋಟೊ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ದಾಗೆರ್ ಪ್ಯಾರಿಸಿನ ಒಂದು ಗಿಜಿಗುಡುವ ಬೀದಿಯ ಫೋಟೊ ತೆಗೆದ. ಆಗ ಒಂದು ಫೋಟೊಗೆ ಹಲವು ನಿಮಿಷ ಬೇಕು. ಓಡಾಡುತ್ತಿದ್ದ ಜನ, ಗಾಡಿ ಯಾವುದೂ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದ ಒಬ್ಬ ಮಾತ್ರ ಉಳಿದ. ಜಪಾನಿನ ಹಿರೋಶಿ ಸುಗಿಮೊಟೊ 1970ರ ದಶಕದಲ್ಲಿ ಸಿನಿಮಾ ಮಂದಿರಗಳಲ್ಲಿ ಇದನ್ನೇ ಬೇಕೆಂದು ಮಾಡಿದ. ಸಿನಿಮಾ ಶುರುವಾದಾಗ ಶಟರ್ ತೆರೆದು, ಮುಗಿದಾಗ ಮುಚ್ಚಿದ. ಸಾವಿರಾರು ಚಿತ್ರಗಳು ಒಂದರ ಮೇಲೊಂದು ಬಿದ್ದು ಪರದೆ ಅಚ್ಚ ಬಿಳಿಯಾಯಿತು. ಇವನ್ನೂ ಪಾಲಿಂಪ್ಸೆಸ್ಟ್ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಳಗಿನದು ಒಂದಕ್ಷರವೂ ಓದಲು ಸಿಗದಿದ್ದರೆ ಅದು ಬೇರೆ ಬಗೆಯ ಸೌಂದರ್ಯ.

ಇನ್ನೊಂದು ಬಗೆಯ ಅಳಿಸುವಿಕೆ ಕ್ರೂರವಾದದ್ದು. 1937ರ ಸುಮಾರಿಗೆ ಮಾಸ್ಕೊದ ಕಾಲುವೆ ಪಕ್ಕ ಸ್ಟಾಲಿನ್ ಜೊತೆ ನಡೆಯುತ್ತಿದ್ದ ನಿಕೊಲಾಯ್ ಯೆಜೋವ್‌ನ ಫೋಟೊ ಇದೆ. ರಹಸ್ಯ ಪೊಲೀಸರ ಮುಖ್ಯಸ್ಥ, ಲಕ್ಷಗಟ್ಟಲೆ ಜನರ ಸಾವಿಗೆ ಕಾರಣನಾದವನು. 1940ರಲ್ಲಿ ಅವನನ್ನೇ ಕೊಂದರು. ಆಮೇಲಿನ ಫೋಟೊದಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಆ ಎರಡನೇ ಫೋಟೊ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲಿನದನ್ನು ಪಕ್ಕದಲ್ಲಿ ಇಟ್ಟಾಗ ಮಾತ್ರ ಆ ನೀರು ನೀರಿನ ಹಾಗೆ ಕಾಣುವುದಿಲ್ಲ.

ಹಾಗೆ ಪಕ್ಕಕ್ಕೆ ಇಡದೆ, ಅಳಿಸಿದ್ದನ್ನು ಅಳಿಸಿದ ಜಾಗಕ್ಕೇ ವಾಪಸ್ಸು ತಂದವನು ಶಿಮೊನ್ ಅಟ್ಟಿ. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಈ ಅಮೆರಿಕನ್ ಕಲಾವಿದ ಬರ್ಲಿನ್‌ಗೆ ಹೋದ. ಪೂರ್ವ ಬರ್ಲಿನ್ನಿನ ಶಾಯ್ನೆನ್‌ಫಿಯರ್ಟೆಲ್ ಎಂಬ ಕೇರಿಯಲ್ಲಿ ಅಲೆದಾಡಿದ. ನಾಜಿಗಳು ಬರುವ ಮೊದಲು ಅಲ್ಲಿ ಪೂರ್ವ ಯುರೋಪಿನಿಂದ ಬಂದ ಬಡ ಯಹೂದಿಗಳು ತುಂಬಿದ್ದರು. ಅವರು ಯಾರೂ ಈಗ ಇಲ್ಲ. ಅಟ್ಟಿ ಆ ಕೇರಿಯ 1920, 1930ರ ದಶಕದ ಫೋಟೊಗಳನ್ನು ಹುಡುಕಿ, ಸ್ಲೈಡ್ ಮಾಡಿ, ರಾತ್ರಿ ಹೊತ್ತು ಅದೇ ಕಟ್ಟಡಗಳ ಮೇಲೆ, ಆಗದಿದ್ದರೆ ಹತ್ತಿರದ ಕಟ್ಟಡಗಳ ಮೇಲೆ ಪ್ರೊಜೆಕ್ಟರಿನಿಂದ ಬಿಟ್ಟ. ಆ ದೃಶ್ಯದ ಫೋಟೊ ತೆಗೆದ.

ಒಂದು ಫೋಟೊ ಆಲ್ಮ್‌ಸ್ಟಾಟ್‌ಸ್ಟ್ರಾಸೆ ಬೀದಿಯ 43ನೇ ನಂಬರಿನ ಮನೆಯದು. ಸುಣ್ಣಬಣ್ಣ ಕಾಣದ ಗೋಡೆ. ಅದರ ಮೇಲೆ ಬೆಳಕಾಗಿ ಬಿದ್ದಿರುವುದು 1930ರ ಹೀಬ್ರೂ ಪುಸ್ತಕದಂಗಡಿ. ಆ ಬೀದಿಯ ಹೆಸರೂ ಮೊದಲು ಬೇರೆ ಇತ್ತು, ಯುದ್ಧದ ನಂತರ ಬದಲಿಸಿದರು. ಅಂದರೆ ಜನರ ಜೊತೆ ಹೆಸರನ್ನೂ ಉಜ್ಜಿಹಾಕಿದ ಹಾಗಾಯಿತು. ಇನ್ನೊಂದು ಕಡೆ ಹೀಗೆ ಚಿತ್ರ ಬಿಡುತ್ತಿದ್ದಾಗ ಒಬ್ಬ ನಿವಾಸಿ ಹೊರಗೆ ಓಡಿಬಂದು, ಈ ಮನೆಯನ್ನು ನಮ್ಮಪ್ಪ ನ್ಯಾಯವಾಗಿಯೇ ಕೊಂಡದ್ದು ಅಂತ ಕೂಗಾಡಿದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಗೋಡೆಯ ಮೇಲೆ ಬೆಳಕು ಬಿದ್ದಿತ್ತು, ಅಷ್ಟೇ. ಪಾಲಿಂಪ್ಸೆಸ್ಟ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಘಟನೆಯನ್ನೇ ಹೇಳುತ್ತೇನೆ.

ಹಳೆಯ ಫೋಟೊ ತೆಗೆದ ಜಾಗದಲ್ಲೇ ನಿಂತು ಮತ್ತೆ ಫೋಟೊ ತೆಗೆಯುವುದು ಇದೇ ಜಾತಿಯ ಕೆಲಸ. ನಮ್ಮ ಹಂಪಿಯಲ್ಲಿ ಅದು ನಡೆದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದು, ಕಾಗದದ ನೆಗೆಟಿವ್ ಮೇಲೆ ಹತ್ತಾರು ಫೋಟೊ ತೆಗೆದ. 1983ರಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅಲ್ಲೇ ತನ್ನ ಕ್ಯಾಮೆರಾ ಇಟ್ಟ. ಜಾಗ ಹುಡುಕುವುದು ಹೇಗೆ ಗೊತ್ತಾ? ಹಳೆಯ ಫೋಟೊದಲ್ಲಿ ಹತ್ತಿರದ ಒಂದು ಕಂಬದ ಅಂಚು ದೂರದ ಬಂಡೆಯ ಯಾವ ಭಾಗಕ್ಕೆ ತಾಗುತ್ತದೆ ನೋಡಬೇಕು. ಒಂದು ಹೆಜ್ಜೆ ಎಡಕ್ಕೆ ಹೋದರೆ ಆ ಅಂಚು ಸರಿಯುತ್ತದೆ. ಹತ್ತಿರದ್ದು, ದೂರದ್ದು ಎರಡೂ ಫೋಟೊದಲ್ಲಿ ಇದ್ದ ಹಾಗೇ ಕೂಡುವ ತನಕ ಹಿಂದೆ ಮುಂದೆ, ಆಚೆ ಈಚೆ ಸರಿಯುತ್ತಿರಬೇಕು. ಕೂಡಿದಾಗ ನಾವು ನಿಂತಿರುವುದು ಮೊದಲಿನವನ ಹೆಜ್ಜೆಯ ಮೇಲೆ.

ಗ್ರೀನ್‌ಲಾ ತೆಗೆದ ಫೋಟೊಗಳಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ್ದೂ ಇದೆ. ಈಗ ನಮ್ಮ ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ರಥವೇ. ಆದರೆ 1856ರ ಫೋಟೊದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಆಮೇಲೆ ಅದನ್ನು ತೆಗೆದುಬಿಟ್ಟರು. ನಾವು ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ನೋಟಿನಲ್ಲಿ ನೋಡುತ್ತಾ ಬಂದಿರುವುದು ಗೋಪುರ ಅಳಿಸಿದ ಮೇಲಿನ ರಥ. ನನಗೆ ಇದು ಗೊತ್ತಾದದ್ದು ತೀರಾ ತಡವಾಗಿ. ಗೊತ್ತಾದ ಮೇಲೆ ಹಂಪಿಗೆ ಹೋದಾಗ ಆ ಹಳೆಯ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿದ್ದೆ.

ರಥದ ಮುಂದೆ ಜನ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನೋಟಿನ ರಥ, ಎದುರಿನ ರಥ ಒಂದೇ ಅಳತೆಗೆ ಬರಲಿ ಅಂತ ಕೈಯನ್ನು ಹಿಂದೆ ಮುಂದೆ ಮಾಡುತ್ತಿದ್ದರು. ನಾನು ಗ್ರೀನ್‌ಲಾ ನಿಂತ ಜಾಗ ಹುಡುಕುತ್ತಾ ಅವರ ನಡುವೆಯೇ ಆಚೆ ಈಚೆ ಹೆಜ್ಜೆ ಹಾಕುತ್ತಿದ್ದೆ. ಅಪ್ಪ ಅಮ್ಮನ ಜೊತೆ ಬಂದಿದ್ದ ಒಬ್ಬ ಹುಡುಗ, ಎಂಟು ಒಂಬತ್ತು ವರ್ಷ ಇರಬೇಕು, ನನ್ನ ಮೊಬೈಲಿನೊಳಗೆ ಇಣುಕಿದ. ಅವನ ಕೈಯಲ್ಲೂ ಐವತ್ತರ ನೋಟಿತ್ತು. ಮೊಬೈಲು ನೋಡಿದ, ನೋಟು ನೋಡಿದ, ತಲೆ ಎತ್ತಿ ರಥದ ಮೇಲಿನ ಖಾಲಿ ಆಕಾಶ ನೋಡಿದ.

"ಮ್ಯಾಲಿಂದು ಎಲ್ಲಿ ಹೋತಣ್ಣಾ?" ಅಂತ ಕೇಳಿದ.